ದಿನವಿಡೀ ಹಾಕಿಕೊಳ್ಳಲು ಮೈಕ್ ಇರುವ ಹೆಡ್‌ಸೆಟ್: ಕನ್ನಡಕದವರಿಗೆ, ಸೆಕೆ ಊರಿನವರಿಗೆ ಯಾವುದು ಆದೀತು?

ನೀರ್ಚಾಲಿನಿಂದ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಂಪೆನಿಯ ಕಸ್ಟಮರ್ ಕೇರ್ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದೇನೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕಾಲ್ ಮೇಲೆ ಕಾಲ್. ಕನ್ನಡ, ಮಲಯಾಳ ಎರಡೂ ಲೈನ್ ನನ್ನದೇ. ಈಗ ಇರುವ ಹೆಡ್‌ಸೆಟ್ ಕಿವಿಯ ಮೇಲೆ ಕೂರುವ ಜಾತಿಯದ್ದು. ಊಟದ ಹೊತ್ತಿಗೆ ಕಿವಿಯ ಮೇಲ್ತುದಿ ಕೆಂಪಾಗಿರುತ್ತದೆ. ಕನ್ನಡಕದ ಕಡ್ಡಿ ಒತ್ತಿ ತಲೆನೋವು ಬೇರೆ.

ಇನ್ನೊಂದು ಕಷ್ಟ ಸದ್ದಿನದ್ದು. ಮನೆ ಹಿಂದೆ ತೋಟ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ, ಮಳೆ ಬಿಟ್ಟರೆ ಹುಲ್ಲು ಕತ್ತರಿಸುವ ಮೆಷಿನ್, ಅದು ನಿಂತರೆ ಪಕ್ಕದ ಮನೆಯಲ್ಲಿ ಅಡಿಕೆ ಸುಲಿಯುವ ಮೆಷಿನ್. ಗ್ರಾಹಕರು "ಮೇಡಂ, ನೀವು ಮಿಲ್ಲಿನಲ್ಲಿ ಕೂತಿದ್ದೀರಾ" ಎಂದು ಕೇಳುತ್ತಾರೆ.

ಮೂರು ಸಾವಿರ ಖರ್ಚು ಮಾಡಬಹುದು, ತೀರಾ ಒಳ್ಳೆಯದಿದ್ದರೆ ನಾಲ್ಕು. "ನಾಯ್ಸ್ ಕ್ಯಾನ್ಸಲಿಂಗ್" ಎಂದು ಬರೆದದ್ದನ್ನು ತೆಗೆದರೆ ಸಾಕಾ? ಬ್ಲೂಟೂತ್ ಒಳ್ಳೆಯದಾ, ವೈರ್ ಒಳ್ಳೆಯದಾ?

ಉಪ್ಪಳ ಸರ್ವೀಸ್

ಮೊದಲು ನಾಯ್ಸ್ ಕ್ಯಾನ್ಸಲಿಂಗ್ ವಿಷಯ ಮುಗಿಸುವ. ಅಂಗಡಿಗೆ ಬರುವವರಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ಡಬ್ಬದ ಮೇಲೆ ಹಾಗೆ ಬರೆದಿದ್ದರೆ, ಅದು ಯಾರ ಕಿವಿಗೆ ಎಂದು ಕೇಳಿ.

ಎಎನ್‌ಸಿ (ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲಿಂಗ್) ಎಂದಿದ್ದರೆ ಅದು ನಿಮ್ಮ ಕಿವಿಗೆ. ಹೊರಗಿನ ಸದ್ದನ್ನು ಪುಟ್ಟ ಮೈಕುಗಳಲ್ಲಿ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಸ್ಪೀಕರಿನಿಂದ ಬಿಡುತ್ತದೆ. ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಫ್ಯಾನ್, ಬಸ್ಸಿನ ಎಂಜಿನ್ ಹೀಗೆ ಒಂದೇ ಸಮ ಗುಂಯ್‌ಗುಡುವ ಸದ್ದಿಗೆ ಒಳ್ಳೆಯದು. ಆದರೆ ನಿಮ್ಮ ಶೀಟಿನ ಮಳೆ ಆ ಕಡೆಯ ಗ್ರಾಹಕರಿಗೆ ಕೇಳುವುದು ಇದರಿಂದ ಒಂದು ಚೂರೂ ಕಡಿಮೆಯಾಗುವುದಿಲ್ಲ.

ನಿಮಗೆ ಬೇಕಾದದ್ದು ಮೈಕಿನ ನಾಯ್ಸ್ ಕ್ಯಾನ್ಸಲಿಂಗ್. ಅಲ್ಲಿಯೂ ಅರ್ಧ ಕೆಲಸ ಮಾಡುವುದು ಮೈಕ್ ಇರುವ ಜಾಗ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧ ಆದಾಗಲೆಲ್ಲ ನಿಮ್ಮ ಸ್ವರ ಸುಮಾರು 6 ಡೆಸಿಬೆಲ್ ಜಾಸ್ತಿಯಾಗಿ ಮೈಕಿಗೆ ತಲುಪುತ್ತದೆ. ಮಳೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಬಾಯಿಯ ಹತ್ತಿರಕ್ಕೆ ಬರುವ ಕಡ್ಡಿ ಮೈಕ್ ಇರುವುದನ್ನೇ ತೆಗೆಯಿರಿ. ಕಿವಿಯ ಬಟ್ಟಲಿನೊಳಗೇ ಮೈಕ್ ಅಡಗಿಸಿಟ್ಟದ್ದು ನೋಡಲು ಚಂದ, ನಿಮ್ಮ ಕೆಲಸಕ್ಕೆ ಬೇಡ.

ಮೈಕನ್ನು ಬಾಯಿಯ ಎದುರಿಗೆ ಇಡಬೇಡಿ. ತುಟಿಯ ಮೂಲೆಯಿಂದ ಎರಡು ಬೆರಳು ದೂರ, ಗಲ್ಲದ ಕಡೆಗೆ ಸ್ವಲ್ಪ ತಗ್ಗಿಸಿ. ಎದುರಿಗಿದ್ದರೆ ಪ, ಫ, ಬ ಹೇಳುವಾಗ ಗಾಳಿ ಬಡಿದು ಟಪ್ ಟಪ್ ಎನ್ನುತ್ತದೆ. ಮೂಗಿನ ನೇರಕ್ಕೆ ಬಂದರೆ ಗ್ರಾಹಕರಿಗೆ ನಿಮ್ಮ ಉಸಿರಾಟವೂ ಕೇಳುತ್ತದೆ.

ಹೊಸೂರು ನೈಟ್ ಶಿಫ್ಟ್

ವೈರ್ ಎಲ್ಲ ಹಳೇ ಕಾಲದ್ದು. ನಾನು ಬ್ಲೂಟೂತ್ ಹಾಕಿಕೊಂಡು ಕಾಲ್ ಮಧ್ಯೆ ಅಡುಗೆಮನೆಗೆ ಹೋಗಿ ಟೀ ಮಾಡಿಕೊಂಡು ಬರುತ್ತೇನೆ. ಎಂಟು ಗಂಟೆ ಒಂದೇ ಕುರ್ಚಿಗೆ ಕಟ್ಟಿಹಾಕಿಕೊಂಡರೆ ಕಿವಿಗಿಂತ ಮೊದಲು ಸೊಂಟ ಹೋಗುತ್ತದೆ.

ಉಪ್ಪಳ ಸರ್ವೀಸ್

ಸೊಂಟದ ವಿಷಯ ಒಪ್ಪಿದೆ. ಆದರೆ ಟೀ ಮಾಡುವಾಗ ನಿಮ್ಮ ಸ್ವರ ಹೇಗೆ ಕೇಳುತ್ತದೆ ಎಂದು ಆ ಕಡೆಯವರನ್ನು ಒಮ್ಮೆ ಕೇಳಿ ನೋಡಿ.

ಮಾಮೂಲಿ ಬ್ಲೂಟೂತಿನಲ್ಲಿ ಹಾಡು ಕೇಳುವ ದಾರಿ ಬೇರೆ, ಮಾತಾಡುವ ದಾರಿ ಬೇರೆ. ಹಾಡಿಗೆ ಎ2ಡಿಪಿ. ಅದು ಕಿವಿಗೆ ಮಾತ್ರ, ಮೈಕ್ ಇಲ್ಲ. ಮೈಕ್ ಆನ್ ಆದ ಕೂಡಲೇ ಕಂಪ್ಯೂಟರ್ ಎಚ್‌ಎಫ್‌ಪಿ ಎಂಬ ಹ್ಯಾಂಡ್ಸ್‌ಫ್ರೀ ದಾರಿಗೆ ಹೋಗುತ್ತದೆ. ಅಲ್ಲಿ ಕೋಡೆಕ್, ಅಂದರೆ ಸ್ವರವನ್ನು ಕುಗ್ಗಿಸಿ ಕಳಿಸುವ ವಿಧಾನ, ಹಳೆಯ ಸಿವಿಎಸ್‌ಡಿ ಆದರೆ ಸ್ಯಾಂಪ್ಲಿಂಗ್ 8 ಕಿಲೋಹರ್ಟ್ಸ್, ಸ್ವಲ್ಪ ಹೊಸ ಎಂಎಸ್‌ಬಿಸಿ ಆದರೆ 16. ಎಂಟರಲ್ಲಿ ಸ, ಶ, ಫ ಎಲ್ಲ ಮಸುಕು. ಗ್ರಾಹಕರ ಹೆಸರು, ಇಮೇಲ್ ಬರೆದುಕೊಳ್ಳುವವರಿಗೆ ಇದು ದೊಡ್ಡ ತಲೆನೋವು. "ಹಾಡು ಚೆನ್ನಾಗಿ ಕೇಳುತ್ತದೆ, ಮೀಟಿಂಗ್ ಶುರುವಾದ ಕೂಡಲೇ ಡಬ್ಬದೊಳಗಿಂದ ಮಾತಾಡಿದ ಹಾಗೆ" ಎಂದು ರಿಪೇರಿಗೆ ತರುವವರು ಇದ್ದಾರೆ. ಅದು ಕೆಟ್ಟದ್ದಲ್ಲ, ಅದು ಇರುವುದೇ ಹಾಗೆ.

ಎಲ್‌ಇ ಆಡಿಯೊ ಎಂಬ ಹೊಸ ಬ್ಲೂಟೂತ್ ಇದನ್ನು ಸರಿಮಾಡುತ್ತದೆ. ಆದರೆ ಹೆಡ್‌ಸೆಟ್, ಕಂಪ್ಯೂಟರ್ ಎರಡರಲ್ಲೂ ಅದು ಇರಬೇಕು. ವೈರ್ ಬೇಡವೇ ಬೇಡ ಎಂದರೆ ತನ್ನದೇ ಯುಎಸ್‌ಬಿ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಜೊತೆ ಬರುವುದನ್ನು ತೆಗೆಯಿರಿ.

ಹೊಸೂರು ನೈಟ್ ಶಿಫ್ಟ್

ನನ್ನದು ಡಾಂಗಲ್ ಇರುವುದೇ. ಬರೆಯುವಾಗ ಬಿಟ್ಟುಹೋಯಿತು. ಆದರೂ ಟೀ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ.

ಬದಿಯಡ್ಕ ಕನ್ನಡಕ

ನಾನು ಅನುವಾದ, ಸಬ್‌ಟೈಟಲ್ ಕೆಲಸದವನು. ಇಡೀ ದಿನ ಕೇಳುವುದೇ ಕೆಲಸ. ಕನ್ನಡಕ ದಪ್ಪ. ಇಲ್ಲಿಯವರೆಗೆ ಎಲ್ಲರೂ ಸದ್ದಿನ ಬಗ್ಗೆ ಹೇಳಿದಿರಿ. ಅವರು ಮೊದಲು ಕೇಳಿದ್ದು ನೋವಿನ ಬಗ್ಗೆ, ಅಲ್ವಾ?

ನೋವು ಬರುವ ಜಾಗ ಮೂರು. ಒಂದು ನಡುನೆತ್ತಿ. ಅದು ಭಾರದಿಂದ. ಎರಡನೆಯದು ಕಿವಿಯ ಹಾಲೆ. ಕಿವಿಯ ಮೇಲೆ ಕೂರುವ ಪ್ಯಾಡ್ ಮೃದು ಎಲುಬನ್ನು ತಲೆಗೆ ಒತ್ತಿ ಹಿಡಿಯುತ್ತದೆ. ಮೂರನೆಯದು ಕನ್ನಡಕದ ಕಡ್ಡಿ ಹಾದುಹೋಗುವ ಗೆರೆ. ಅದು ಎರಡೂ ಕಡೆಯಿಂದ ಅಮುಕುವ ಬಿಗಿತದಿಂದ. ನೀರ್ಚಾಲಿನವರಿಗೆ ಎರಡನೆಯದೂ ಮೂರನೆಯದೂ ಒಟ್ಟಿಗೆ ಉಂಟು.

ಡಬ್ಬದಲ್ಲಿ ಭಾರ ಬರೆದಿರುತ್ತಾರೆ, ಬಿಗಿತ ಬರೆಯುವುದಿಲ್ಲ. ಅದೇ ಬೇಜಾರು. ನಮ್ಮಲ್ಲಿ ಮುಟ್ಟಾಳೆ (ಅಡಿಕೆ ಹಾಳೆಯ ಟೋಪಿ) ಕೊಳ್ಳುವವರು ತಲೆಗೆ ಇಟ್ಟು ನೋಡದೆ ಕೊಳ್ಳುವುದಿಲ್ಲ. ಇದೂ ಹಾಗೆಯೇ. ತಲೆಗೆ ಇಟ್ಟು ನೋಡಬೇಕು, ಅದೂ ಕನ್ನಡಕ ಹಾಕಿಕೊಂಡು, ಅರ್ಧ ಗಂಟೆ. ಎರಡು ನಿಮಿಷ ಹಾಕಿದರೆ ಎಲ್ಲವೂ ಮೆತ್ತಗೇ ಅನಿಸುತ್ತದೆ. ಒತ್ತುವ ಹೆಡ್‌ಸೆಟ್ ಇಪ್ಪತ್ತು ನಿಮಿಷದ ನಂತರ ತನ್ನ ಗುಣ ತೋರಿಸುತ್ತದೆ.

ನೋಡಬೇಕಾದದ್ದು ಇಷ್ಟು. ಕಿವಿಯನ್ನು ಪೂರ್ತಿ ಸುತ್ತುವ ಬಟ್ಟಲಾದರೆ ಒಳಗಿನ ತೂತಿಗೆ ನಿಮ್ಮ ಕಿವಿ ಇಡೀ ಹೋಗಬೇಕು. ಕೆಲವು ಸುತ್ತುವ ಜಾತಿ ಎಂದು ಹೇಳಿಕೊಂಡರೂ ತೂತು ಸಣ್ಣ. ಕಿವಿಯ ಅಂಚು ಪ್ಯಾಡಿನ ಅಡಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕಿವಿಯ ತುದಿ ಒಳಗಿನ ಬಟ್ಟೆಗೆ ತಾಗಬಾರದು. ತಾಗಿದರೆ ಮೊದಲು ಏನೂ ಅನಿಸುವುದಿಲ್ಲ, ಸಂಜೆಗೆ ಉರಿ. ಬಟ್ಟಲು ಸ್ವಲ್ಪ ಅತ್ತಿತ್ತ ತಿರುಗಬೇಕು. ಎಲ್ಲರ ದವಡೆಯೂ ಒಂದೇ ತರಹ ಇರುವುದಿಲ್ಲವಲ್ಲ.

ಬಿಗಿ ಜಾಸ್ತಿ ಇದ್ದರೆ ರಾತ್ರಿ ಒಂದು ರಟ್ಟಿನ ಡಬ್ಬಕ್ಕೋ ಪುಸ್ತಕದ ಕಟ್ಟಿಗೋ ಹಾಕಿಡಿ. ತಲೆಗಿಂತ ಸ್ವಲ್ಪ ಅಗಲ ಇದ್ದರೆ ಸಾಕು. ಕೆಲವು ರಾತ್ರಿ ಕಳೆದರೆ ಸಡಿಲವಾಗುತ್ತದೆ. ಒಳಗೆ ಲೋಹದ ಪಟ್ಟಿ ಇರುವುದಕ್ಕೆ ಮಾತ್ರ ಇದನ್ನು ಮಾಡಿ. ಬರೀ ಪ್ಲಾಸ್ಟಿಕ್ ಆದರೆ ಲಟಕ್ ಎನ್ನಬಹುದು.

ಸುಲಭದ ಇನ್ನೊಂದು ದಾರಿ ಕನ್ನಡಕ ಬದಲಿಸುವುದು. ಕೆಲಸದ ಹೊತ್ತಿಗೆ ತೆಳು ಲೋಹದ ಕಡ್ಡಿಯ ಫ್ರೇಮ್. ನನಗೆ ಹೆಡ್‌ಸೆಟ್ ಬದಲಿಸಿದ್ದಕ್ಕಿಂತ ಅದರಿಂದಲೇ ಜಾಸ್ತಿ ಸುಖವಾಯಿತು.

ಅಕ್ಕಲಕೋಟೆ ಬಿಸಿಲು

ನಮ್ಮ ಕಡೆ ಬೇಸಿಗೆಯಲ್ಲಿ ನಲವತ್ತು ದಾಟುತ್ತದೆ ನೋಡ್ರಿ. ಕಿವಿ ಮುಚ್ಚುವ ರೆಕ್ಸಿನ್ ಪ್ಯಾಡ್ ಹಾಕಿಕೊಂಡರೆ ಬೆವರು ಕುತ್ತಿಗೆಗೆ ಇಳಿಯುತ್ತದೆ. ನಾನು ಬಟ್ಟೆಯ ಪ್ಯಾಡಿಗೆ ಬಂದೆ. ಗಾಳಿ ಆಡುತ್ತದೆ, ಕನ್ನಡಕದ ಕಡ್ಡಿಯ ಸುತ್ತ ಮೆತ್ತಗೆ ಬಾಗುತ್ತದೆ. ಹೊರಗಿನ ಸದ್ದು ಸ್ವಲ್ಪ ಒಳಗೆ ಬರುತ್ತದೆ, ಬರಲಿ ಬಿಡ್ರಿ. ಧೂಳು ಮಾತ್ರ ಹಿಡಿಯುತ್ತದೆ. ವಾರಕ್ಕೊಮ್ಮೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಬೇಕು.

ಕುಂಬಳೆ ಕಡಲು

ಅಕ್ಕಲಕೋಟೆಯ ಒಣ ಬಿಸಿಲಿಗೆ ಬಟ್ಟೆ ಸರಿ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಪ್ಯಾಡ್ ಒಣಗುವುದೇ ಇಲ್ಲ. ಬೂಷ್ಟಿನ ವಾಸನೆ ಬರುತ್ತದೆ. ಹಾಗಂತ ರೆಕ್ಸಿನ್ ಬಾಳುತ್ತದೆ ಎಂದಲ್ಲ. ಅದು ಚರ್ಮ ಅಲ್ಲ, ಪಾಲಿಯುರೆಥೇನ್. ಗಾಳಿಯ ತೇವ, ಬೆವರು ಸೇರಿ ಅದನ್ನು ನಿಧಾನಕ್ಕೆ ಒಡೆಯುತ್ತವೆ. ಮೊದಲು ಅಂಟು ಅಂಟು, ಆಮೇಲೆ ಕಪ್ಪು ಹೊಪ್ಪಳೆ. ಕಿವಿ ಸುತ್ತ, ತಲೆದಿಂಬಿನ ಮೇಲೆ ಎಲ್ಲ ಕಪ್ಪು ಚೂರು. ಬಳಸದೆ ಕಪಾಟಿನಲ್ಲಿ ಇಟ್ಟರೂ ಏಳುತ್ತದೆ.

ಹಾಗಾಗಿ ನಾನು ಹೇಳುವುದು ಒಂದೇ. ಪ್ಯಾಡ್ ಬಿಚ್ಚಿ ಬೇರೆ ಹಾಕಲು ಆಗುತ್ತದೋ ಇಲ್ಲವೋ, ಆ ಮಾಡೆಲ್‌ನ ಪ್ಯಾಡ್ ಬಿಡಿಯಾಗಿ ಸಿಗುತ್ತದೋ ಇಲ್ಲವೋ ಮೊದಲು ನೋಡಿ. ಸಿಗದಿದ್ದರೆ ಎಷ್ಟೇ ಒಳ್ಳೆಯ ಹೆಡ್‌ಸೆಟ್ ಆದರೂ ನಮ್ಮೂರಿನಲ್ಲಿ ಅದರ ಆಯುಷ್ಯ ಪ್ಯಾಡಿನ ಆಯುಷ್ಯದಷ್ಟೇ. ಎರಡು ಜೊತೆ ಪ್ಯಾಡ್ ಇಟ್ಟುಕೊಳ್ಳುವುದು ಒಳ್ಳೆಯದು. ಮಳೆಗಾಲಕ್ಕೆ ರೆಕ್ಸಿನ್, ಸೆಕೆಗೆ ಬಟ್ಟೆ.

ಸ್ಯಾನಿಟೈಸರ್‌ನಲ್ಲಿ ಒರೆಸಬೇಡಿ. ಸ್ಪಿರಿಟ್ ತಾಗಿದರೆ ರೆಕ್ಸಿನ್ ಬೇಗ ಒಡೆಯುತ್ತದೆ. ಒದ್ದೆ ಬಟ್ಟೆ ಸಾಕು. ರಾತ್ರಿ ಮುಚ್ಚಳದ ಡಬ್ಬದಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ.

ಅಕ್ಕಲಕೋಟೆ ಬಿಸಿಲು

ಬಟ್ಟೆ ಒಣಗುವುದಿಲ್ಲ ಅನ್ನುವ ಊರು ನಮಗೆ ಕನಸಿನಲ್ಲೂ ಬರುವುದಿಲ್ಲ ಬಿಡ್ರಿ.

ಮುಳ್ಳೇರಿಯ

ಇಯರ್‌ಫೋನ್ ಹಾಕಿದರೆ ಇಷ್ಟೆಲ್ಲ ರಗಳೆಯೇ ಇಲ್ಲವಲ್ಲ? ಕನ್ನಡಕಕ್ಕೂ ತಾಗುವುದಿಲ್ಲ.

ಬದಿಯಡ್ಕ ಕನ್ನಡಕ

ಒಂದೆರಡು ಗಂಟೆಗೆ ಸರಿ. ಇಡೀ ದಿನ ರಬ್ಬರ್ ತುದಿ ಕಿವಿಯೊಳಗೆ ಇದ್ದರೆ ಒಳಗೆ ಗಾಳಿ ಆಡುವುದಿಲ್ಲ. ತೇವ ನಿಲ್ಲುತ್ತದೆ, ಗುಗ್ಗೆ ಒಳಗೆ ಹೋಗುತ್ತದೆ, ನಮ್ಮ ಹವೆಗೆ ಕಿವಿ ತುರಿಕೆ ಶುರು. ಸಾಲದ್ದಕ್ಕೆ ಅದರ ಮೈಕ್ ವೈರಿನಲ್ಲಿ ಎದೆಯ ಮೇಲೆ ನೇತಾಡುತ್ತಾ ಅಂಗಿಯ ಗುಂಡಿಗೆ ಉಜ್ಜುತ್ತಿರುತ್ತದೆ.

ತಾಳವಾಡಿ ಟೀಚರ್

ನಾನು ಆನ್‌ಲೈನ್ ಟ್ಯೂಷನ್ ಮಾಡುತ್ತೇನೆ. ಒಂದೇ ಕಿವಿಯದ್ದನ್ನು ಯಾರೂ ಹೇಳಲಿಲ್ಲವಲ್ಲ. ಮೋನೊ ಹೆಡ್‌ಸೆಟ್‌ನಲ್ಲಿ ಒಂದು ಕಡೆ ಪ್ಯಾಡ್, ಇನ್ನೊಂದು ಕಡೆ ತಲೆಗೆ ಒರಗುವ ಒಂದು ಪಟ್ಟಿ. ಭಾರ ಕಡಿಮೆ, ಸೆಕೆ ಅರ್ಧ. ಗಂಟೆಗೊಮ್ಮೆ ಮೈಕಿನ ಕಡ್ಡಿ ತಿರುಗಿಸಿ ಇನ್ನೊಂದು ಕಿವಿಗೆ ಹಾಕಿಕೊಳ್ಳಬಹುದು. ನಮ್ಮ ಸ್ವರ ನಮಗೇ ಕೇಳುವುದರಿಂದ ಕಿರುಚುವುದೂ ಇಲ್ಲ. ಎರಡೂ ಕಿವಿ ಮುಚ್ಚಿದರೆ ನಾನು ಮಕ್ಕಳಿಗೆ ಗದರಿದ ಹಾಗೆ ಮಾತಾಡುತ್ತೇನಂತೆ, ಮನೆಯವರು ಹೇಳುವುದು.

ವಾಲ್ಯೂಮ್ ಬಗ್ಗೆಯೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಸೇರಿ 2019ರಲ್ಲಿ ಹೊರತಂದ ಮಾನದಂಡದ ಪ್ರಕಾರ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್‌ವರೆಗೆ ಪರವಾಗಿಲ್ಲ, ಮಕ್ಕಳಿಗೆ 75. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧಕ್ಕೆ ಇಳಿಯುತ್ತದೆ. ಅಂದರೆ 83ಕ್ಕೆ 20 ಗಂಟೆ. ವಾರಕ್ಕೆ 40 ಗಂಟೆ ಎಂದರೆ ನಮ್ಮ ಕೆಲಸದ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ಅದೇ ಕಿವಿಗೆ ಹಾಡು ಜೋರಾಗಿ ಹಾಕಿದರೆ ಅದು ಲೆಕ್ಕ ದಾಟಿದ ಹಾಗೆ.

ಉಪ್ಪಳ ಸರ್ವೀಸ್

ಟೀಚರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಕಿರುಚದೆ ಇರಲು ಸೈಡ್‌ಟೋನ್ ಎಂಬ ವ್ಯವಸ್ಥೆ ಇರುತ್ತದೆ. ನಮ್ಮ ಸ್ವರವನ್ನು ಸಣ್ಣಗೆ ನಮ್ಮ ಕಿವಿಗೇ ವಾಪಸ್ ಕೊಡುವುದು. ಹಳೆ ಲ್ಯಾಂಡ್‌ಲೈನ್ ಫೋನಿನಲ್ಲೂ ಅದು ಇತ್ತು. ಎಂಟು ಗಂಟೆ ಮಾತಾಡುವವರ ಗಂಟಲು ಉಳಿಯುವುದು ಇದರಿಂದಲೇ. ಡಬ್ಬದಲ್ಲಿ ಆ ಪದ ಇದೆಯಾ ನೋಡಿ.

ನೀರ್ಚಾಲಿನವರಿಗೆ ಒಂದು ಕಿವಿಯದ್ದು ಬೇಡ ಅನಿಸುತ್ತದೆ. ಪಕ್ಕದಲ್ಲಿ ಅಡಿಕೆ ಮೆಷಿನ್ ಇರುವಾಗ ತೆರೆದ ಕಿವಿಗೆ ಅದೇ ಕೇಳುತ್ತದೆ. ಆಗ ಮುಚ್ಚಿದ ಕಿವಿಗೆ ವಾಲ್ಯೂಮ್ ಏರಿಸುತ್ತೀರಿ.

ನೀರ್ಚಾಲಿನಿಂದ

ಎಷ್ಟು ವಿಷಯ ಮಾರಾಯ್ರೇ! ಕನ್ನಡಕದ ಉಪಾಯ ಹೊಳೆದೇ ಇರಲಿಲ್ಲ. ಇನ್ನೆರಡು ಸಂಶಯ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದೇ ರೌಂಡ್ ತೂತು. ಚಾರ್ಜರ್ ಹಾಕಿದರೆ ಗುಂಯ್ ಎಂದು ಆ ಕಡೆಯವರಿಗೆ ಕೇಳುತ್ತದೆ, ತೆಗೆದರೆ ಇಲ್ಲ. ಇದು ಹೆಡ್‌ಸೆಟ್ ಹಾಳಾದದ್ದಾ? ಮತ್ತೆ, ಗೇಮ್ ಆಡುವವರ ಹೆಡ್‌ಸೆಟ್ ತೆಗೆಯಬಹುದಾ? ತಮ್ಮ ಅದನ್ನೇ ಹೇಳುತ್ತಿದ್ದಾನೆ.

ಉಪ್ಪಳ ಸರ್ವೀಸ್

ಗುಂಯ್ ಸದ್ದು ಹೆಚ್ಚಾಗಿ ಅರ್ತಿಂಗ್ ವಿಷಯ. ಪ್ಲಗ್ಗಿನ ಮೂರನೇ ಪಿನ್‌ಗೆ ಗೋಡೆಯೊಳಗೆ ನಿಜವಾದ ಅರ್ತ್ ಇಲ್ಲದಿದ್ದರೆ ಹಾಗಾಗುತ್ತದೆ. ಹಳೆ ಮನೆಗಳಲ್ಲಿ ತುಂಬಾ ಸಾಮಾನ್ಯ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಸಣ್ಣಗೆ ಜುಂ ಎನ್ನುತ್ತದಾ ನೋಡಿ. ಎನ್ನುತ್ತದೆ ಎಂದಾದರೆ ಇಲೆಕ್ಟ್ರಿಷಿಯನ್ ಕರೆಸಿ. ಅದು ಹೆಡ್‌ಸೆಟ್‌ಗಿಂತ ಮೊದಲು ಆಗಬೇಕಾದ ಕೆಲಸ. ಸಿಡಿಲಿನ ಊರು ನಮ್ಮದು.

ನೀವು ಯುಎಸ್‌ಬಿ ಹೆಡ್‌ಸೆಟ್ ತೆಗೆಯಬೇಕು ಎನ್ನಲು ಇದೂ ಒಂದು ಕಾರಣ. ಅದರ ವೈರಿನಲ್ಲೇ ಪುಟ್ಟ ಸೌಂಡ್ ಕಾರ್ಡ್ ಇರುತ್ತದೆ. ಲ್ಯಾಪ್‌ಟಾಪಿನ 3.5 ಎಂಎಂ ತೂತಿನ ಗಲಾಟೆ ಅದಕ್ಕೆ ತಾಗುವುದು ಕಡಿಮೆ. ಕರೆಂಟ್ ಹೋದರೂ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯುತ್ತದೆ, ಬೇರೆ ಚಾರ್ಜ್ ಬೇಡ. ಎರಡು ಪಿನ್‌ನ ಹಳೆಯ ಹೆಡ್‌ಸೆಟ್ ತೆಗೆದರೆ ನಿಮ್ಮ ಒಂದೇ ತೂತಿಗೆ ಜೋಡಣೆಯ ವೈರ್ ಬೇಕಾಗುತ್ತದೆ. ಸುಮ್ನೆ ಇನ್ನೊಂದು ಹಾಳಾಗುವ ವಸ್ತು.

ಬದಿಯಡ್ಕ ಕನ್ನಡಕ

ಗೇಮಿಂಗ್‌ನಲ್ಲಿ ಒಳ್ಳೆಯದೂ ಉಂಟು. ಭಾರ ನೋಡಿ. ಹೈಪರ್‌ಎಕ್ಸ್ ಕ್ಲೌಡ್ 2 ಮೈಕ್ ಸೇರಿ 320 ಗ್ರಾಂ ಸುಮಾರು. ಪ್ಯಾಡ್ ಮೆತ್ತಗೆ, ಆದರೆ ಎಂಟು ಗಂಟೆಗೆ ನನಗೆ ಭಾರ. ಅವರದೇ ಕ್ಲೌಡ್ ಸ್ಟಿಂಗರ್ 275 ಗ್ರಾಂ. ಮೈಕ್ ಮೇಲೆತ್ತಿದರೆ ಮ್ಯೂಟ್ ಆಗುತ್ತದೆ, ಮನೆಯಲ್ಲಿ ಕುಕ್ಕರ್ ಕೂಗುವವರಿಗೆ ವರ. ಲಾಜಿಟೆಕ್ ಜಿ435 ಬರೀ 165 ಗ್ರಾಂ, ವೈರ್‌ಲೆಸ್, ಡಾಂಗಲ್ ಇದೆ. ಆದರೆ ಕಡ್ಡಿ ಮೈಕ್ ಇಲ್ಲ. ಹಾಗಾಗಿ ನಿಮ್ಮ ಅಡಿಕೆ ಮೆಷಿನ್‌ಗೆ ಅದು ಬೇಡ. ಹಾಡಿಗೆ ಹೆಸರಾದ ಸೋನಿ ಡಬ್ಲ್ಯೂಎಚ್-1000ಎಕ್ಸ್‌ಎಂ5 ಕೂಡ 250 ಗ್ರಾಂ. ಅದಕ್ಕೂ ಕಡ್ಡಿ ಮೈಕ್ ಇಲ್ಲ, ಮತ್ತು ನಿಮ್ಮ ಬಜೆಟ್‌ಗೆ ಬಹಳ ದೂರ.

ಆಫೀಸ್ ಜಾತಿಯಲ್ಲಿ ಲಾಜಿಟೆಕ್ ಎಚ್390, ಜಾಬ್ರಾ ಎವಾಲ್ವ್2 30, ಪಾಲಿ ಬ್ಲ್ಯಾಕ್‌ವೈರ್ 3220 ನೋಡಬಹುದು. ಮೂರೂ ಯುಎಸ್‌ಬಿ, ಮೂರಕ್ಕೂ ಕಡ್ಡಿ ಮೈಕ್, ಮ್ಯೂಟ್ ಗುಂಡಿ. ಆದರೆ ಮೂರೂ ಕಿವಿಯ ಮೇಲೆ ಕೂರುವವು. ಹಗುರ ಎಂಬುದು ನಿಜ, ಆದರೆ ನಿಮ್ಮ ನೋವು ಇರುವುದೇ ಅಲ್ಲಿ. ನನ್ನ ಓಟು ಕಿವಿಯನ್ನು ಸುತ್ತುವ, 280 ಗ್ರಾಂ ಒಳಗಿನ, ಕಡ್ಡಿ ಮೈಕ್ ಇರುವ, ಪ್ಯಾಡ್ ಬದಲಿಸಬಹುದಾದ ಒಂದಕ್ಕೆ. ಯಾವ ಬ್ರಾಂಡ್ ಎಂಬುದು ಆಮೇಲೆ.

ಹೊಸೂರು ನೈಟ್ ಶಿಫ್ಟ್

ಸ್ಟಿಂಗರ್ ಯುಎಸ್‌ಬಿ ಅಲ್ಲವಲ್ಲ, 3.5 ಎಂಎಂ. ಈಗಷ್ಟೇ ಗುಂಯ್ ಸದ್ದಿನ ಕಥೆ ಆಯಿತು.

ಬದಿಯಡ್ಕ ಕನ್ನಡಕ

ಹೌದು. ಮಧ್ಯೆ ಒಂದು ಯುಎಸ್‌ಬಿ ಸೌಂಡ್ ಅಡಾಪ್ಟರ್ ಹಾಕಿದರೆ ಆಯಿತು. ಮೈಕ್, ಕಿವಿ ಎರಡೂ ಒಂದೇ ಪಿನ್ನಿನಲ್ಲಿ ಹೋಗುವ ತರಹದ್ದೇ ತೆಗೆಯಿರಿ. ಇಲ್ಲದಿದ್ದರೆ ಮೈಕ್ ಹಿಡಿಯುವುದಿಲ್ಲ.

ಪೆರ್ಲದ ಚೆಂಡೆ

ನನ್ನದು ಸ್ವಲ್ಪ ಬೇರೆ ಸಮಸ್ಯೆ, ಆದರೂ ಇಲ್ಲೇ ಕೇಳುತ್ತೇನೆ. ಗಲ್ಫಿನಲ್ಲಿರುವ ನಮ್ಮೂರ ಮಕ್ಕಳಿಗೆ ಝೂಮ್‌ನಲ್ಲಿ ಚೆಂಡೆ ಮದ್ದಳೆ ಪಾಠ ಮಾಡುತ್ತೇನೆ. ನಾನು ಮಾತಾಡಿದ್ದು ಸರಿಯಾಗಿ ಕೇಳುತ್ತದಂತೆ. ಚೆಂಡೆ ಬಾರಿಸಿದರೆ ಮಾತ್ರ ಮೊದಲ ಪೆಟ್ಟು ಕೇಳಿ ಆಮೇಲೆ ಮಾಯ. ಮೈಕ್ ಬದಲಿಸಬೇಕಾ?

ಉಪ್ಪಳ ಸರ್ವೀಸ್

ಮೈಕ್ ಏನೂ ಆಗಿಲ್ಲ. ಝೂಮ್ ನಿಮ್ಮ ಚೆಂಡೆಯನ್ನು ಗಲಾಟೆ ಎಂದು ತಿಳಿದು ಒರೆಸಿಹಾಕುತ್ತಿದೆ. ಆಡಿಯೊ ಸೆಟ್ಟಿಂಗ್‌ನಲ್ಲಿ "ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್" ಎಂಬುದನ್ನು ಆನ್ ಮಾಡಿ. ಪಾಠದ ಸ್ಕ್ರೀನಿನಲ್ಲೂ ಅದರ ಗುಂಡಿ ಬರುತ್ತದೆ, ಅದೂ ಆನ್ ಇರಬೇಕು. ಮೈಕಿನ ಮಟ್ಟ ತಗ್ಗಿಸಿ, ಚೆಂಡೆ ಬಾರಿಸುವಾಗ ಕಡ್ಡಿ ಮೈಕನ್ನು ಬಾಯಿಯಿಂದ ಸ್ವಲ್ಪ ಮೇಲಕ್ಕೆ ಎತ್ತಿ. ಇಲ್ಲದಿದ್ದರೆ ಸದ್ದು ಒಡೆಯುತ್ತದೆ.

ನೀರ್ಚಾಲಿನವರಿಗೆ ಇದರ ಉಲ್ಟಾ. ನಿಮ್ಮ ಆಫೀಸ್ ಸಾಫ್ಟ್‌ವೇರಿನಲ್ಲಿ ನಾಯ್ಸ್ ಸಪ್ರೆಶನ್ ಇದ್ದರೆ ಅದನ್ನು ಜಾಸ್ತಿ ಮಾಡಿ. ಝೂಮ್, ಟೀಮ್ಸ್, ಮೀಟ್ ಮೂರರಲ್ಲೂ ಉಂಟು. ಮಳೆ, ಫ್ಯಾನ್, ಮೆಷಿನ್ ಇವನ್ನು ಚೆನ್ನಾಗಿ ತೆಗೆಯುತ್ತದೆ. ಪಕ್ಕದ ಕೋಣೆಯ ಟೀವಿಯ ಮಾತನ್ನು ಅಷ್ಟು ಸುಲಭಕ್ಕೆ ತೆಗೆಯುವುದಿಲ್ಲ. ಅದೂ ಮನುಷ್ಯರ ಮಾತೇ ಅಲ್ವಾ.

ಪೆರ್ಲದ ಚೆಂಡೆ

ಆಯಿತು ಆಯಿತು! ಈಗಷ್ಟೇ ಒಬ್ಬ ಹುಡುಗನಿಗೆ ಬಾರಿಸಿ ತೋರಿಸಿದೆ. ಅವನ ಅಮ್ಮ ವಾಲ್ಯೂಮ್ ಕಡಿಮೆ ಮಾಡಿ ಎಂದರು.

ನೀರ್ಚಾಲಿನಿಂದ

ಅರ್ತಿಂಗ್ ಇಲ್ಲ ಎಂದು ಗೊತ್ತಾಯಿತು. ಜುಂ ಎನ್ನುತ್ತದೆ. ಇಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ. ಶನಿವಾರ ಮಂಗಳೂರಿಗೆ ಹೋಗುವವರಿದ್ದೇವೆ. ಅಂಗಡಿಯಲ್ಲಿ ಅರ್ಧ ಗಂಟೆ ಹಾಕಿಕೊಂಡು ಕೂರಲು ಬಿಡುತ್ತಾರಾ?

ಕುಂಬಳೆ ಕಡಲು

ದೊಡ್ಡ ಅಂಗಡಿಗಳಲ್ಲಿ ತೋರಿಸಲು ಒಂದು ಬಿಚ್ಚಿಟ್ಟಿರುತ್ತಾರೆ. ಭಾನುವಾರ ರಶ್, ಶನಿವಾರ ಬೆಳಿಗ್ಗೆಯೇ ಹೋಗಿ. ಅಲ್ಲಿ ಹಾಕಲು ಬಿಡದಿದ್ದರೆ ವಾಪಸ್ ತೆಗೆದುಕೊಳ್ಳುವ ನಿಯಮ ಇರುವ ಕಡೆ ಆನ್‌ಲೈನ್‌ನಲ್ಲಿ ತರಿಸಿ. ಬದಲಿಗೆ ಬೇರೆ ಪೀಸ್ ಕೊಡುತ್ತಾರೋ, ಹಣವೇ ವಾಪಸ್ಸೋ ಓದಿಕೊಳ್ಳಿ. ಒತ್ತುವ ಹೆಡ್‌ಸೆಟ್‌ಗೆ ಬದಲಾಗಿ ಅದೇ ಒತ್ತುವ ಇನ್ನೊಂದು ಬಂದರೆ ಏನು ಪ್ರಯೋಜನ?

ಬದಿಯಡ್ಕ ಕನ್ನಡಕ

ಹೋಗುವಾಗ ಕೆಲಸಕ್ಕೆ ಹಾಕುವ ಕನ್ನಡಕವನ್ನೇ ಹಾಕಿಕೊಂಡು ಹೋಗಿ. ಕೂದಲು ಮನೆಯಲ್ಲಿ ಹೇಗೆ ಕಟ್ಟುತ್ತೀರೋ ಹಾಗೆಯೇ ಕಟ್ಟಿ. ಕ್ಲಿಪ್ ಇದ್ದರೆ ಪಟ್ಟಿ ಕೂರುವ ಜಾಗ ಬದಲಾಗುತ್ತದೆ. ಹಾಕಿಕೊಂಡು ದವಡೆ ಆಡಿಸಿ, ಮಾತಾಡಿ, ಕೆಳಗೆ ಬಗ್ಗಿ ನೋಡಿ. ಜಾರಿದರೆ ಸಡಿಲ, ಕಡ್ಡಿಯ ಗೆರೆ ಮೂಡಿದರೆ ಬಿಗಿ. ಫೋನಿಗೆ ಸಿಕ್ಕಿಸಿ ಎರಡು ನಿಮಿಷ ನಿಮ್ಮ ಸ್ವರ ರೆಕಾರ್ಡ್ ಮಾಡಿಕೊಂಡು ಬನ್ನಿ, ಬೇಕಾದರೆ ಇಲ್ಲಿ ಹಾಕಿ. ಯಾವುದು ಸ್ಪಷ್ಟ ಎಂದು ನಾವು ಹೇಳುತ್ತೇವೆ.

ಹೊಸೂರು ನೈಟ್ ಶಿಫ್ಟ್

ವೈರ್ ಎಷ್ಟು ಉದ್ದ ಎಂದೂ ನೋಡಿ. ಎರಡು ಮೀಟರ್ ಇದ್ದರೆ ಎದ್ದು ನಿಂತು ಮಾತಾಡಬಹುದು.